ಮರೆಯಾದ ಬೀದಿಮಾತು ಮತ್ತು ಅದರ ಅರ್ಥಶೋಧ

ಒಂದು ಗುಂಪಿನವರು ತಮ್ಮೊಳಗೆ ಸಲೀಸಾಗಿ ಬಳಸುವ, ಆದರೆ ಶಿಷ್ಟ ಬರವಣಿಗೆ ಹತ್ತಿರ ಸೇರಿಸದ ಪದ ಮತ್ತು ನುಡಿಗಟ್ಟುಗಳಿಗೆ ಬೀದಿಮಾತು ಅಥವಾ ಸ್ಲ್ಯಾಂಗ್ ಎಂದು ಹೆಸರು. ಹೊರಗಿನವರಿಗೆ ತಿಳಿಯಬಾರದೆಂದೇ ಕಟ್ಟಿಕೊಂಡ ಮಾತು ಗುಟ್ಟುನುಡಿ. ಎರಡರ ನಡುವಿನ ಗೆರೆ ಗಟ್ಟಿಯಾದುದಲ್ಲ. ಇಂದು ಕಳ್ಳರ ಗುಟ್ಟುನುಡಿಯಾಗಿದ್ದದ್ದು ನಾಳೆ ಪೇಟೆಯ ಹುಡುಗರ ಬಾಯಿಗೆ ಬರುತ್ತದೆ, ನಾಟಕಕ್ಕೆ ಏರುತ್ತದೆ, ಆಮೇಲೆ ನಿಘಂಟಿಗೂ ಸೇರಬಹುದು. ಹೆಚ್ಚಿನವು ಅಷ್ಟು ದೂರ ಬರುವ ಮೊದಲೇ ಆಡುವವರ ಜೊತೆಗೆ ಅಳಿಯುತ್ತವೆ. ಹಳೆಯ ಹಸ್ತಪ್ರತಿ, ನಾಟಕ, ಕೋರ್ಟಿನ ದಾಖಲೆಗಳಲ್ಲಿ ಉಳಿದುಹೋದ ಇಂಥ ಪದಗಳಿಗೆ ಮತ್ತೆ ಅರ್ಥ ಹುಡುಕುವುದು ಭಾಷಾಶಾಸ್ತ್ರ, ನಿಘಂಟುರಚನೆ ಮತ್ತು ಇತಿಹಾಸಗಳು ಕೂಡುವ ಒಂದು ಅಧ್ಯಯನಕ್ಷೇತ್ರ.

ಈ ಹುಡುಕಾಟದ ತೊಡಕು ಸಾಮಾನ್ಯ ಹಳೆಯ ಪದದ ತೊಡಕಿಗಿಂತ ಬೇರೆ. ಹಳಗನ್ನಡದ ಒಂದು ಅಪರಿಚಿತ ಪದ ಎದುರಾದರೆ ಅದು ಅಪರಿಚಿತವೆಂಬುದಾದರೂ ಓದುಗನಿಗೆ ಗೊತ್ತಾಗುತ್ತದೆ. ಬೀದಿಮಾತು ಬಹುಮಟ್ಟಿಗೆ ಪರಿಚಿತ ಪದದ ವೇಷದಲ್ಲೇ ಇರುತ್ತದೆ: 'ದ್ರಾಕ್ಷಿ ಕೊಯ್ಯುವವನು' ಎಂದು ಓದುತ್ತೇವೆ, ಬರೆದವನ ಮನಸ್ಸಿನಲ್ಲಿದ್ದವನು ಜೇಬುಗಳ್ಳ. ವಾಕ್ಯ ಎರಡು ಅರ್ಥದಲ್ಲೂ ನೇರವಾಗಿ ಸಾಗುವುದರಿಂದ ಏನೋ ತಪ್ಪಿಹೋಯಿತೆಂಬ ಸುಳಿವೂ ಸಿಗುವುದಿಲ್ಲ. ಕೆಲವೊಮ್ಮೆ ನುಡಿಗಟ್ಟು ಬದುಕಿದ್ದು ಅದರ ಹಿಂದಿನ ವಸ್ತು ಕಣ್ಮರೆಯಾಗಿರುತ್ತದೆ. 'ಚಳ್ಳೆಹಣ್ಣು ತಿನ್ನಿಸಿದ' ಎಂದರೆ ಮೋಸ ಮಾಡಿದ ಎಂದು ಬೆಂಗಳೂರಿನ ಮಗುವಿಗೂ ಗೊತ್ತು; ಅಂಟಂಟು ತಿರುಳಿನ ಆ ಹಣ್ಣನ್ನು ಬಾಯಲ್ಲಿಟ್ಟು ನೋಡಿದವರು ಈಗ ಅಪರೂಪ. ಹಣ್ಣನ್ನು ಬಲ್ಲವರಿಗೆ ನುಡಿಗಟ್ಟು ತಾನೇ ಬಿಚ್ಚಿಕೊಳ್ಳುತ್ತದೆ, ಉಳಿದವರು ಕಥೆ ಕಟ್ಟುತ್ತಾರೆ. ಬೀದಿಮಾತಿನ ಸುತ್ತ ಇಂಥ ಕಟ್ಟುಕಥೆಗಳು ಹುಟ್ಟುವಷ್ಟು ಸುಲಭವಾಗಿ ಬೇರೆ ಯಾವ ಪದವರ್ಗದ ಸುತ್ತಲೂ ಹುಟ್ಟುವುದಿಲ್ಲ.

ಆದ್ದರಿಂದ ಪಠ್ಯವೊಂದೇ ಸಾಲದು. ಪಠ್ಯದ ಹೊರಗೆ, ಅದೇ ಕಾಲದಲ್ಲಿ, 'ಈ ಪದಕ್ಕೆ ಇದು ಅರ್ಥ' ಎಂದು ಹೇಳಿದ ಒಬ್ಬ ಸಾಕ್ಷಿ ಬೇಕು. ಅಂಥ ಸಾಕ್ಷಿ ಸಿಕ್ಕಾಗ ಶತಮಾನಗಳಿಂದ ಮುಚ್ಚಿದ್ದ ಕವಿತೆ ತೆರೆದುಕೊಂಡ ಉದಾಹರಣೆಗಳಿವೆ. ಆದರೆ ಈ ಸಾಕ್ಷಿಗಳಲ್ಲಿ ಹೆಚ್ಚಿನವರು ನ್ಯಾಯಾಧಿಕಾರಿಗಳು, ಪೊಲೀಸರು, ಜೈಲಿನಲ್ಲಿ ಜೀವ ಉಳಿಸಿಕೊಳ್ಳಲು ಬಾಯಿಬಿಟ್ಟ ಕೈದಿಗಳು. ಅವರು ಏಕೆ ಹೇಳಿದರು, ಯಾರಿಗೆ ಹೇಳಿದರು ಎಂದು ಕೇಳದೆ ಅರ್ಥವನ್ನಷ್ಟೇ ಎತ್ತಿಕೊಂಡ ಕಡೆಯಲ್ಲೆಲ್ಲ ಈ ಅಧ್ಯಯನ ಎಡವಿದೆ.

ಡಿಜಾನಿನ ದಾಖಲೆ

ಈ ಕ್ಷೇತ್ರದ ಅತ್ಯಂತ ಹೆಸರಾದ ಪ್ರಕರಣ ಫ್ರಾನ್ಸಿನದು. ಕವಿ ಫ್ರಾನ್ಸ್ವಾ ವಿಯೋನ್ 1431ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ. ವಿಶ್ವವಿದ್ಯಾಲಯದ ಪದವೀಧರ; ಒಬ್ಬ ಪಾದ್ರಿಯ ಸಾವಿಗೆ ಕಾರಣನಾದವನು; 1456ರ ಕ್ರಿಸ್ಮಸ್ ಹೊತ್ತಿಗೆ ಕಾಲೇಜ್ ದ ನವಾರ್‌ನ ಖಜಾನೆ ಒಡೆದವರಲ್ಲಿ ಒಬ್ಬ. 1463ರಲ್ಲಿ ಪ್ಯಾರಿಸ್ಸಿನಿಂದ ಗಡೀಪಾರಾದ ಮೇಲೆ ಅವನ ಸುದ್ದಿಯಿಲ್ಲ. 1489ರಲ್ಲಿ ಪಿಯರ್ ಲವೆ ಅಚ್ಚುಮಾಡಿದ ಅವನ ಮೊದಲ ಮುದ್ರಿತ ಸಂಕಲನದಲ್ಲಿ ಆರು ಪದ್ಯಗಳು 'ಜಾರ್ಗೋನ್' ಎಂಬ ಗುಟ್ಟುನುಡಿಯಲ್ಲಿವೆ. ವ್ಯಾಕರಣ ಫ್ರೆಂಚಿನದು, ಕ್ರಿಯಾಪದಗಳ ಪ್ರತ್ಯಯಗಳು ಫ್ರೆಂಚಿನವು, ಪ್ರಾಸ ಛಂದಸ್ಸುಗಳಲ್ಲಿ ಎಲ್ಲೂ ಲೋಪವಿಲ್ಲ. ಅರ್ಥ ಮಾತ್ರ ಕೈಗೆ ಸಿಗದು. 1533ರಲ್ಲಿ ವಿಯೋನನ ಕೃತಿಗಳನ್ನು ಸಂಪಾದಿಸಿದ ಕವಿ ಕ್ಲೆಮಾನ್ ಮಾರೋ ಈ ಭಾಗವನ್ನು ತಾನು ಮುಟ್ಟದೆ, ಕಳ್ಳವಿದ್ಯೆಯಲ್ಲಿ ವಿಯೋನನ ಉತ್ತರಾಧಿಕಾರಿಗಳಾದವರೇ ಇದನ್ನು ತಿದ್ದಿ ವಿವರಿಸಲಿ ಎಂಬರ್ಥದ ಮಾತು ಬರೆದು ಬಿಟ್ಟ. ಬರೆದು ಮುಕ್ಕಾಲು ಶತಮಾನ ಕಳೆಯುವಷ್ಟರಲ್ಲಿ ಅದೇ ಭಾಷೆಯ ಒಬ್ಬ ದೊಡ್ಡ ಕವಿಗೆ ಈ ಪದ್ಯಗಳು ಮುಚ್ಚಿಹೋಗಿದ್ದವು. ಬೀದಿಮಾತಿನ ಆಯುಸ್ಸು ಎಷ್ಟು ಕಿರಿದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಸಾಕ್ಷಿ ಸಿಕ್ಕಿದ್ದು ಬೇರೊಂದು ಊರಿನಲ್ಲಿ. 1455ರಲ್ಲಿ ಬರ್ಗಂಡಿಯ ಡಿಜಾನ್ ನಗರದಲ್ಲಿ 'ಕೊಕಿಯಾರ್' ಎಂಬ ತಂಡದ ಮೇಲೆ ವಿಚಾರಣೆ ನಡೆಯಿತು. ಹೆಸರು ಬಂದದ್ದು ಚಿಪ್ಪಿನಿಂದ. ಸಂತ ಯಾಕೋಬನ ಯಾತ್ರೆ ಮುಗಿಸಿ ಬಂದವರು ಧರಿಸುತ್ತಿದ್ದ ಚಿಪ್ಪು ಅದು, ಸುಳ್ಳು ಯಾತ್ರಿಕರ ಗುರುತೂ ಆಗಿತ್ತು. ನಗರದ ಅಭಿಯೋಜಕ ಝಾನ್ ರಬುಸ್ತೆಲ್ ತಂಡದ ಸದಸ್ಯರ ಹೆಸರುಗಳನ್ನು ದಾಖಲಿಸಿದ್ದಲ್ಲದೆ, ಇವರಿಗೆ ಬೇರೆಯವರಿಗೆ ತಿಳಿಯದ ಒಂದು ಭಾಷೆಯಿದೆಯೆಂದು ಗುರುತಿಸಿ, ಅದರ ಪದಗಳಿಗೆ ಸರಳ ಫ್ರೆಂಚಿನಲ್ಲಿ ಅರ್ಥ ಬರೆಸಿಕೊಂಡ. ಅರ್ಥ ಹೇಳಿದವರಲ್ಲಿ ತಂಡದವರೊಡನೆ ಒಡನಾಟವಿದ್ದ ಒಬ್ಬ ಕ್ಷೌರಿಕನೂ ಇದ್ದ. ಆ ಪಟ್ಟಿಯಲ್ಲಿ 'ದ್ರಾಕ್ಷಿ ಕೊಯ್ಯುವವನು' ಎಂದರೆ ಹಣದ ಚೀಲ ಕತ್ತರಿಸುವವನು. 'ಕಳಿಸುವವನು' ಎಂದರೆ ಕೊಲೆಗಾರ. 'ಬಿಳಿ ಪಾರಿವಾಳ' ಎಂದರೆ ಛತ್ರದಲ್ಲಿ ವ್ಯಾಪಾರಿಯ ಜೊತೆ ಮಲಗಿ ರಾತ್ರಿ ಅವನನ್ನು ದೋಚುವವನು. ಬೀಗ ತೆರೆಯುವ ಕೊಕ್ಕೆಗೆ 'ದಾವೀದ ರಾಜ', ನ್ಯಾಯಾಲಯಕ್ಕೆ 'ಚಕ್ರ', ಕಾಲಿಗೆ 'ಗೂಟ', ರೊಟ್ಟಿಗೆ ಗ್ರೀಕ್ ಮೂಲದ 'ಆರ್ತೋನ್'. ತಮ್ಮ ವಿದ್ಯೆ ಅರಿಯದ ಅಮಾಯಕನಿಗೆ ಇದ್ದ ಹೆಸರುಗಳಲ್ಲಿ ಒಂದು 'ದ್ಯೂಪ್'. ಹುಪ್ಪೆ ಹಕ್ಕಿಯ ಹೆಸರಿನಿಂದ ಬಂದದ್ದೆಂದು ಹೇಳುವ ಈ ಕೊನೆಯ ಪದ ಕಳ್ಳರ ಬಾಯಿಂದ ಫ್ರೆಂಚ್ ಸಾಹಿತ್ಯಕ್ಕೂ ಅಲ್ಲಿಂದ ಇಂಗ್ಲಿಷಿಗೂ ದಾಟಿ ಇಂದಿಗೂ ಬದುಕಿದೆ. ಅದರ ಜೊತೆಯಲ್ಲಿದ್ದ ಹೆಚ್ಚಿನ ಪದಗಳಿಗೆ ಆ ಭಾಗ್ಯ ದಕ್ಕಲಿಲ್ಲ.

ಕಡತ ಡಿಜಾನಿನ ದಫ್ತರಿನಲ್ಲಿ ಸುಮಾರು ನಾಲ್ಕು ಶತಮಾನ ಮಲಗಿತ್ತು. 1842ರಲ್ಲಿ ದಫ್ತರಪಾಲಕ ಜೋಸೆಫ್ ಗಾರ್ನಿಯೆ ಅದನ್ನು ಪ್ರಕಟಿಸಿದಾಗ ಅದೊಂದು ಸ್ಥಳೀಯ ಇತಿಹಾಸದ ಕುತೂಹಲವಷ್ಟೇ ಆಗಿತ್ತು. ವಿಯೋನನ ಪದ್ಯಗಳ ಪಕ್ಕದಲ್ಲಿಟ್ಟು ಅದನ್ನು ಓದಿದವನು 1890ರ ಸುಮಾರಿಗೆ ಫ್ರೆಂಚ್ ಲೇಖಕ ಮಾರ್ಸೆಲ್ ಶ್ವಾಬ್. ಪದ್ಯಗಳಲ್ಲಿ ಬರುವ ದ್ರಾಕ್ಷಿ ಕೊಯ್ಯುವವರು ಕಡತದ ಜೇಬುಗಳ್ಳರೇ ಎಂದು ತಿಳಿದ ಕೂಡಲೇ ಸಾಲುಗಳಿಗೆ ಜೀವ ಬಂತು. ಪದ್ಯಗಳು ಬಹುಮಟ್ಟಿಗೆ ಎಚ್ಚರಿಕೆಯ ಮಾತುಗಳು: ಕಾವಲುಗಾರರಿಂದ ದೂರವಿರಿ, ದಪ್ಪ ಗೋಡೆಯ ಪೆಟ್ಟಿಗೆಗೆ, ಅಂದರೆ ಸೆರೆಮನೆಗೆ, ಬೀಳಬೇಡಿ, ನೇಣಿನ ಮದುವೆಗೆ ಹೋಗಬೇಡಿ. ವಿಯೋನನ ಗೆಳೆಯರಾದ ರೆನ್ಯೆ ದ ಮೊಂತಿನ್ಯಿ 1457ರಲ್ಲಿ, ಕೊಲಾನ್ ದ ಕಾಯೆ 1460ರಲ್ಲಿ ಗಲ್ಲಿಗೇರಿದರು ಎಂಬುದನ್ನು ನೆನೆದರೆ ಆ ಎಚ್ಚರಿಕೆ ಬರಿಯ ಕವಿಸಮಯವಾಗಿ ಉಳಿಯುವುದಿಲ್ಲ. ವಿಯೋನ್ ತಾನೇ ಆ ತಂಡದ ಸದಸ್ಯನಾಗಿದ್ದನೆಂಬುದಕ್ಕೆ ಮಾತ್ರ ನೇರ ದಾಖಲೆಯಿಲ್ಲ. ಭಾಷೆ ಬಲ್ಲವನೆಲ್ಲ ಕಸುಬು ಮಾಡಿದವನಲ್ಲ.

ಬೀಗದ ಕೈ ಸಿಕ್ಕಿತೆಂದು ಹುಡುಕಾಟ ನಿಲ್ಲಲಿಲ್ಲ. ಸ್ಟಾಕ್‌ಹೋಮಿನ ಹಸ್ತಪ್ರತಿಯೊಂದರಲ್ಲಿ ಇನ್ನೂ ಐದು ಗುಟ್ಟುನುಡಿಯ ಪದ್ಯಗಳಿದ್ದವು. ಅವು 1884ರಲ್ಲಿ ಬೆಳಕಿಗೆ ಬಂದವು. ಕಡತದಲ್ಲಿಲ್ಲದ ಪದಗಳು ಅವುಗಳಲ್ಲೂ ಮೊದಲ ಆರರಲ್ಲೂ ಸಾಕಷ್ಟಿವೆ. 1968ರಲ್ಲಿ ಭಾಷಾವಿಜ್ಞಾನಿ ಪಿಯರ್ ಗಿರೋ ಪ್ರತಿ ಪದ್ಯಕ್ಕೂ ಮೂರು ಪದರಗಳ ಅರ್ಥವಿದೆಯೆಂದು ವಾದಿಸಿದ: ಒಂದು ಕಳ್ಳತನದ್ದು, ಇನ್ನೊಂದು ಜೂಜಿನ ಮೋಸದ್ದು, ಮೂರನೆಯದು ಗಂಡಸರ ನಡುವಿನ ಕಾಮದ್ದು. ಓದಲು ಮೋಹಕವಾದ ವಾದ. ಆದರೆ ರಬುಸ್ತೆಲನ ಕಡತ ಬೆಂಬಲಿಸುವುದು ಮೊದಲ ಪದರವನ್ನೂ, ಅಷ್ಟಿಷ್ಟು ಎರಡನೆಯದನ್ನೂ. ಮೂರನೆಯದು ಹೆಚ್ಚಾಗಿ ಪದಗಳ ವ್ಯುತ್ಪತ್ತಿಯ ಮೇಲೆ ನಿಂತಿದೆ. ಒಂದು ಪದಕ್ಕೆ ಇರಬಹುದಾದ ಅರ್ಥವೆಲ್ಲ ಆ ಸಾಲಿನಲ್ಲಿ ಇದೆಯೆಂದು ಹೇಳಲು ಬರುವುದಿಲ್ಲ.

ಇದಕ್ಕೆ ಪೂರ್ತಿ ಭಿನ್ನವಾದ ಒಂದು ಸಂದರ್ಭ 10ನೆಯ ಶತಮಾನದ ಅರಬ್ಬಿ ಸಾಹಿತ್ಯದಲ್ಲಿದೆ. ಊರೂರು ಸುತ್ತಿದ ಕವಿ ಅಬೂ ದುಲಫ್ ಭಿಕ್ಷುಕರು, ಮೋಸಗಾರರು, ಹಾದಿಬೀದಿಯ ವೈದ್ಯರನ್ನೊಳಗೊಂಡ 'ಸಾಸಾನನ ಮಕ್ಕಳ' ಗುಟ್ಟುನುಡಿಯಲ್ಲಿ ಒಂದು ದೀರ್ಘ ಕಸೀದಾ ಬರೆದು, ಅದಕ್ಕೆ ತಾನೇ ಟೀಕೆಯನ್ನೂ ಒದಗಿಸಿದ. ಸಆಲಿಬಿಯ ಸಂಕಲನದಲ್ಲಿ ಪದ್ಯವೂ ಟೀಕೆಯೂ ಒಟ್ಟಿಗೆ ಉಳಿದುಬಂದವು; 1976ರಲ್ಲಿ ಕ್ಲಿಫರ್ಡ್ ಬಾಸ್‌ವರ್ತ್ ಅದರ ಮೇಲೆ ವಿಸ್ತಾರವಾದ ಅಧ್ಯಯನ ಹೊರತಂದ. ಇಲ್ಲಿ ಸಾಕ್ಷಿ ಪೊಲೀಸನಲ್ಲ, ಆ ಜನರೊಡನೆ ಅಲೆದ ಕವಿ. ಹಾಗೆಂದು ಅವನೂ ನಿರಪೇಕ್ಷನೇನಲ್ಲ. ಅವನು ಬರೆದದ್ದು ಸಾಹಿಬ್ ಇಬ್ನ್ ಅಬ್ಬಾದನೆಂಬ ವಿದ್ಯಾವಂತ ಮಂತ್ರಿಯನ್ನು ರಂಜಿಸಲು.

ನಕಲಿನ ಸರಣಿ

ಇಂಗ್ಲೆಂಡಿನಲ್ಲಿ ಸಾಕ್ಷಿಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಸ್ವತಂತ್ರ ಸಾಕ್ಷಿಗಳಿಗೆ. ಕೆಂಟ್ ಪ್ರಾಂತದ ಜಮೀನುದಾರ ಥಾಮಸ್ ಹಾರ್ಮನ್ ತನ್ನ ಬಾಗಿಲಿಗೆ ಬಂದ ಅಲೆಮಾರಿಗಳನ್ನು ಪ್ರಶ್ನಿಸಿ, ಹಣ ಊಟಗಳ ಆಸೆ ತೋರಿಸಿ ಅವರ ಮಾತು ಸಂಗ್ರಹಿಸಿದ. 1567ರ ಅವನ ಪುಸ್ತಕದಲ್ಲಿ ಕಣ್ಣಿಗೆ 'ಗ್ಲೇಜಿಯರ್ಸ್', ಪಾದರಕ್ಷೆಗೆ 'ಸ್ಟ್ಯಾಂಪರ್ಸ್', ರಾತ್ರಿಗೆ 'ಡಾರ್ಕ್‌ಮನ್ಸ್', ಹಗಲಿಗೆ 'ಲೈಟ್‌ಮನ್ಸ್', ಪೊದೆಕಾಡಿಗೆ 'ರಫ್‌ಮನ್ಸ್'. ಕಟ್ಟುವ ಬಗೆ ಒಮ್ಮೆ ಕಂಡರೆ ಪಟ್ಟಿಯಲ್ಲಿಲ್ಲದ ಪದವನ್ನೂ ಊಹಿಸಬಹುದು. ನೋಡುವ ವಸ್ತುವಿಗೆ ಗಾಜಿನ ಕಸುಬು, ಮೆಟ್ಟುವ ವಸ್ತುವಿಗೆ ಕುಟ್ಟುವ ಕ್ರಿಯೆ, ಹೊತ್ತಿಗೂ ಜಾಗಕ್ಕೂ ಒಂದೇ ಪ್ರತ್ಯಯ.

ಹಾರ್ಮನ್ನನ ಪಟ್ಟಿಯನ್ನು 1608ರಲ್ಲಿ ನಾಟಕಕಾರ ಥಾಮಸ್ ಡೆಕ್ಕರ್ ತನ್ನ ಕಿರುಪುಸ್ತಕಕ್ಕೆ ಎತ್ತಿಕೊಂಡ. 1610ರಲ್ಲಿ ಸ್ಯಾಮ್ಯುಯೆಲ್ ರಿಡ್ ಎಂಬವನು ಇದನ್ನು ಬಯಲು ಮಾಡಿ, ಆ ಮಾತುಗಳು ಹಳತಾಗಿ ಬಳಕೆ ತಪ್ಪಿವೆಯೆಂದು ಆಕ್ಷೇಪಿಸಿ ತನ್ನ ತಿದ್ದಿದ ಪಟ್ಟಿ ಕೊಟ್ಟ. ಆದರೂ ನಕಲು ನಿಲ್ಲಲಿಲ್ಲ. 17ನೆಯ ಶತಮಾನದುದ್ದಕ್ಕೂ ಹಾರ್ಮನ್ನನ ಪದಗಳು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹರಿದವು. ಈ ಸರಣಿ ಅರಿಯದವನು ಐದು ಪುಸ್ತಕಗಳಲ್ಲಿ ಒಂದೇ ಪದ ಕಂಡು ಅದು ನೂರು ವರ್ಷ ಜನರ ಬಾಯಲ್ಲಿತ್ತೆಂದು ತೀರ್ಮಾನಿಸುತ್ತಾನೆ. ನಿಜದಲ್ಲಿ ಅದನ್ನು ಕಿವಿಯಿಂದ ಕೇಳಿದವನು ಹಾರ್ಮನ್ ಒಬ್ಬನೇ ಆಗಿರಬಹುದು. 1785ರ ಫ್ರಾನ್ಸಿಸ್ ಗ್ರೋಸ್‌ನ ನಿಘಂಟು ಈ ಸರಣಿಯನ್ನು ಸ್ವಲ್ಪ ಮುರಿಯಿತು. ಅವನೂ ಹಳೆಯ ಪಟ್ಟಿಗಳನ್ನು ಬಳಸಿಕೊಂಡ, ಆದರೆ ರಾತ್ರಿ ಹೊತ್ತು ಲಂಡನ್ನಿನ ಕೊಳೆಗೇರಿ, ಹೆಂಡದಂಗಡಿಗಳನ್ನು ಸುತ್ತಿ ಕೇಳಿದ್ದನ್ನೂ ಸೇರಿಸಿದ. ಆಸ್ಟ್ರೇಲಿಯಾಕ್ಕೆ ಸಾಗಹಾಕಲ್ಪಟ್ಟಿದ್ದ ಕೈದಿ ಜೇಮ್ಸ್ ಹಾರ್ಡಿ ವಾಕ್ಸ್ 1812ರಲ್ಲಿ ಸಿದ್ಧಪಡಿಸಿದ ಪದಪಟ್ಟಿ ಇನ್ನೂ ಹೆಚ್ಚು ನಂಬಿಕೆಗೆ ಅರ್ಹ. ಅವನು ಆ ಮಾತಿನ ಒಳಗೇ ಬದುಕಿದವನು. ಆದರೆ ಅವನೂ ಅದನ್ನು ಅರ್ಪಿಸಿದ್ದು ತನ್ನನ್ನು ಕಾಯುತ್ತಿದ್ದ ಅಧಿಕಾರಿಗೆ.

ಸಾಕ್ಷಿಯಿಲ್ಲದೆ ಸಂದರ್ಭವೊಂದನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಕವಿ ರಾಬರ್ಟ್ ಬ್ರೌನಿಂಗ್ ಉದಾಹರಣೆ. 1660ರ ಒಂದು ವಿಡಂಬನೆಯಲ್ಲಿ ಕಾರ್ಡಿನಲ್ಲನ ಟೋಪಿಯ ಜೊತೆಗೆ ಮುದಿ ಸನ್ಯಾಸಿನಿಯ ಯಾವುದೋ ಒಂದು ವಸ್ತುವಿನ ಪ್ರಸ್ತಾಪ ಬರುತ್ತದೆ. ಒಂದು ಕಡೆ ಟೋಪಿಯಿದ್ದರೆ ಇನ್ನೊಂದು ಕಡೆಯೂ ತಲೆಗೆ ಧರಿಸುವುದೇ ಇರಬೇಕೆಂದು ಬ್ರೌನಿಂಗ್ ತಿಳಿದ. 1841ರ ತನ್ನ ಕೃತಿ 'ಪಿಪ್ಪಾ ಪಾಸಸ್'ನಲ್ಲಿ ಸನ್ಯಾಸಿನಿಯರ ಉಡುಪಿನ ಭಾಗವಾಗಿ ಆ ಪದವನ್ನು ಇಟ್ಟ. ಅದು ಹೆಣ್ಣಿನ ಗುಪ್ತಾಂಗವನ್ನು ಹೇಳುವ ಹಸಿ ಬೈಗುಳ. ತರ್ಕದ ಮಟ್ಟಿಗೆ ಬ್ರೌನಿಂಗ್ ತಪ್ಪಿರಲಿಲ್ಲ. ವಿಡಂಬನಕಾರ ಓದುಗನನ್ನು ಟೋಪಿಯ ಕಡೆಗೆ ಕರೆದೊಯ್ದು ಅಲ್ಲಿಂದ ಬೀಳಿಸಿದ್ದ, ಕವಿ ಬೀಳದೆ ಮುಂದೆ ನಡೆದ. ಬೀದಿಮಾತಿನ ಬಳಕೆಯಲ್ಲಿ ಸಂದರ್ಭವೇ ಬಹಳ ಸಲ ಬಲೆಯಾಗಿರುತ್ತದೆ.

ಇದರ ಎದುರು ದಿಕ್ಕಿನ ತಪ್ಪೂ ಇದೆ. 'ಹ್ಯಾಮ್ಲೆಟ್' ನಾಟಕದಲ್ಲಿ ರಾಜಕುಮಾರ ಒಫೀಲಿಯಾಳಿಗೆ ಸನ್ಯಾಸಿನಿಯರ ಮಠಕ್ಕೆ ಹೋಗೆನ್ನುತ್ತಾನೆ. ಆ ಕಾಲದ ಬೀದಿಮಾತಿನಲ್ಲಿ 'ಮಠ' ಎಂದರೆ ವೇಶ್ಯಾಗೃಹ ಎಂಬ ಬಳಕೆಯಿತ್ತು. 1593ರ ಥಾಮಸ್ ನ್ಯಾಶ್‌ನ ಬರಹದಲ್ಲಿ ಅದಕ್ಕೆ ಆಧಾರವಿದೆ. ಇಷ್ಟನ್ನು ಕಂಡವರು ಹ್ಯಾಮ್ಲೆಟ್ ಹೇಳಿದ್ದು ಅದನ್ನೇ ಎಂದು ಪಟ್ಟುಹಿಡಿಯುತ್ತಾರೆ. ಆದರೆ ಆ ದೃಶ್ಯದಲ್ಲಿ ಅವನ ವಾದ ಮಕ್ಕಳನ್ನು ಹೆರಬೇಡ, ಮದುವೆ ಬೇಡ ಎಂಬುದು. ಅಲ್ಲಿ ನಿಜವಾದ ಮಠವೇ ಸಹಜ. ಇನ್ನೊಂದು ಅರ್ಥ ಕೆಲವು ಪ್ರೇಕ್ಷಕರ ಕಿವಿಯಲ್ಲಿ ಮಿಂಚಿರಬಹುದು, ಅದಕ್ಕಿಂತ ಹೆಚ್ಚಿಗೆ ಹೇಳಲು ಆಧಾರ ಸಾಲದು.

ಸೋದರ ಭಾಷೆಯೊಂದು ಸಾಕ್ಷಿಯಾಗುವುದೂ ಉಂಟು. ಜರ್ಮನ್ನಿನಲ್ಲಿ ಕಳ್ಳತನದ ವೇಳೆ ಕಾವಲು ನಿಲ್ಲುವುದಕ್ಕೆ 'ಶ್ಮೀರೆ'ಯಲ್ಲಿ ನಿಲ್ಲುವುದು ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಜಿಡ್ಡು ಎಂದರ್ಥವಾಗಿ ನುಡಿಗಟ್ಟು ತಲೆಬುಡವಿಲ್ಲದೆ ಕಾಣುತ್ತದೆ. ಹೀಬ್ರೂ ಭಾಷೆಯ 'ಶ್ಮೀರಾ' ಎಂದರೆ ಕಾವಲು. ಅಲೆಮಾರಿಗಳ ರೋಟ್‌ವೆಲ್ಶ್ ನುಡಿಯಲ್ಲಿ ಹೀಬ್ರೂ ಪದಗಳು ಬೆರೆತಿರುವುದನ್ನು ಮಾರ್ಟಿನ್ ಲೂಥರ್ 1528ರಲ್ಲೇ ಗಮನಿಸಿದ್ದ.

ಜೂಜುಕಟ್ಟೆ ಮತ್ತು ಕನ್ನ

ಭಾರತೀಯ ಸಾಹಿತ್ಯದಲ್ಲಿ ಕಸುಬಿನ ಬೀದಿಮಾತಿಗೆ ಮೊದಲು ನೋಡಬೇಕಾದ ಕೃತಿ ಶೂದ್ರಕನ 'ಮೃಚ್ಛಕಟಿಕ'. ಕನ್ನಡಿಗರಲ್ಲಿ ಅನೇಕರಿಗೆ ಇದರ ಕಥೆ ಗಿರೀಶ ಕಾರ್ನಾಡರು 1984ರಲ್ಲಿ ತೆರೆಗೆ ತಂದ 'ಉತ್ಸವ್' ಮೂಲಕವೂ ಪರಿಚಿತ. ಎರಡನೆಯ ಅಂಕದಲ್ಲಿ ಸೋತು ಓಡಿಬರುವ ಜೂಜುಗಾರ ಸಂವಾಹಕ ತನಗೆ ಹೆಣ್ಣುಕತ್ತೆ ಒದೆಯಿತು, ಕರ್ಣನ ಶಕ್ತ್ಯಾಯುಧ ಘಟೋತ್ಕಚನಿಗೆ ಬಡಿದ ಹಾಗೆ ಶಕ್ತಿ ಬಡಿಯಿತು ಎಂದು ಪ್ರಾಕೃತದಲ್ಲಿ ಗೋಳಾಡುತ್ತಾನೆ. 'ಗದ್ದಹಿ', 'ಸತ್ತಿ' ಎರಡೂ ದಾಳದ ಪಟ್ಟುಗಳ ಹೆಸರುಗಳೆಂದು ವ್ಯಾಖ್ಯಾನಕಾರರು ಹೇಳದಿದ್ದರೆ ಇದು ಬರಿಯ ಹುಚ್ಚುಮಾತಾಗಿ ಉಳಿಯುತ್ತಿತ್ತು. ಅದೇ ಅಂಕದಲ್ಲಿ ಇನ್ನೊಬ್ಬ ಜೂಜುಗಾರ ತ್ರೇತಾ, ಪಾವರ, ನರ್ದಿತ, ಕಟ ಎಂಬ ಪಟ್ಟುಗಳು ತನ್ನನ್ನು ಹೇಗೆ ಹಾಳುಗೆಡವಿದವೆಂದು ಎಣಿಸುತ್ತಾನೆ.

ಈ ಹೆಸರುಗಳ ಲೆಕ್ಕ ಬಿಡಿಸಿದವನು ಜರ್ಮನ್ ವಿದ್ವಾಂಸ ಹೈನ್‌ರಿಷ್ ಲ್ಯೂಡರ್ಸ್. 1907ರ ಅವನ ಪ್ರಬಂಧ ವೇದ, ಮಹಾಭಾರತ, ಪಾಳಿ ಜಾತಕಗಳನ್ನು ಒಟ್ಟಿಗೆ ಓದಿತು. ಹಳೆಯ ಆಟದಲ್ಲಿ ದಾಳವಾಗಿ ಬಳಸಿದ್ದು ತಾರೆಕಾಯಿ. ಕಾಯಿಗಳ ರಾಶಿಯನ್ನು ನಾಲ್ಕರಿಂದ ಭಾಗಿಸಿ ಏನೂ ಉಳಿಯದಿದ್ದರೆ ಕೃತ, ಮೂರು ಉಳಿದರೆ ತ್ರೇತಾ, ಎರಡಾದರೆ ದ್ವಾಪರ, ಒಂದಾದರೆ ಕಲಿ. ಕೃತವೇ ಗೆಲುವು, ಕಲಿಯೇ ಸೋಲು. ನಳನ ಕಥೆಯಲ್ಲಿ ಋತುಪರ್ಣ ತಾರೆಮರದ ಎಲೆಕಾಯಿಗಳನ್ನು ನೋಟಮಾತ್ರದಿಂದ ಎಣಿಸಿ ದಾಳದ ಗುಟ್ಟಾದ ಅಕ್ಷಹೃದಯವನ್ನು ಕಲಿಸುವುದು, ನಳನ ಮೈಬಿಟ್ಟ ಕಲಿ ಅದೇ ಮರವನ್ನು ಹೊಗುವುದು, ಇವೆಲ್ಲ ಈ ಲೆಕ್ಕ ತಿಳಿದ ಮೇಲೆ ಹೊಸದಾಗಿ ಹೊಳೆಯುತ್ತವೆ. ಇಂದು ನಾವು ಯುಗಗಳ ಹೆಸರಾಗಿ ಗಂಭೀರವಾಗಿ ಉಚ್ಚರಿಸುವ ಈ ನಾಲ್ಕು ಪದಗಳು ಜೂಜುಕಟ್ಟೆಯಲ್ಲಿ ಓಡಾಡಿದ್ದವು.

ಮೂರನೆಯ ಅಂಕದ ಕಳ್ಳ ಶರ್ವಿಲಕನದು ಇನ್ನೊಂದು ಬಗೆ. ಅವನು ಗೋಡೆಗೆ ಕೊರೆಯಬಹುದಾದ ಕನ್ನದ ಏಳು ಆಕಾರಗಳನ್ನು ಹೆಸರಿಸುತ್ತಾನೆ: ಅರಳಿದ ತಾವರೆ, ಸೂರ್ಯ, ಎಳೆಚಂದ್ರ, ಕೆರೆಬಾವಿ, ಅಗಲದ್ದು, ಸ್ವಸ್ತಿಕ, ಪೂರ್ಣಕುಂಭ. ಕೊನೆಯದನ್ನೇ ಆರಿಸುತ್ತಾನೆ. ಇವು ನಿಜವಾದ ಕಳ್ಳರ ಪದಗಳೋ, ಶಾಸ್ತ್ರಗ್ರಂಥಗಳ ಧಾಟಿಯನ್ನು ಅಣಕಿಸಲು ನಾಟಕಕಾರ ಕಟ್ಟಿದವೋ? ಕಳ್ಳವಿದ್ಯೆಗೆ ಮೂಲದೇವ ಮುಂತಾದ ಆಚಾರ್ಯರ ಹೆಸರು ಹೇಳುವ ಪರಂಪರೆ ಬೇರೆ ಕಥೆಗಳಲ್ಲೂ ಇದೆ. ಮಾರಿಸ್ ಬ್ಲೂಮ್‌ಫೀಲ್ಡ್ 1923ರಲ್ಲಿ ಅವನ್ನು ಕಲೆಹಾಕಿದ. ಆದರೆ ಕಥೆಗಳು ಎಷ್ಟಿದ್ದರೂ ಅವು ಒಂದೇ ಜಾತಿಯ ಸಾಕ್ಷಿ. ಡಿಜಾನಿನಂಥ ಒಂದು ಕಡತ ನಾಟಕ ನಡೆಯುವ ಉಜ್ಜಯಿನಿಯಿಂದ ಬಂದಿಲ್ಲ. ಹಾಗಾಗಿ ಈ ಏಳು ಹೆಸರುಗಳನ್ನು ನಾಟಕದ ಪದಗಳೆಂದೇ ಕರೆಯುವುದು ಪ್ರಾಮಾಣಿಕ.

ರಾಮಸಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲಕ್ಕೆ ಬೆಂಗಳೂರಿನ ಸುತ್ತ ಸುಮಾರು ನೂರು ಮಂದಿ 'ಫಾಂಸಿಗಾರ'ರನ್ನು ಹಿಡಿಯಲಾಯಿತು. ದಾರಿಹೋಕರ ಕತ್ತಿಗೆ ಕುಣಿಕೆ ಹಾಕಿ ಕೊಂದು ದೋಚುತ್ತಿದ್ದರೆಂಬುದು ಆರೋಪ. ಮದ್ರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ 1816ರಲ್ಲಿ ಇವರ ಬಗ್ಗೆ ಬರೆದ ಲೇಖನ ಪ್ರಾಂತಪ್ರಾಂತದ ಹೆಸರುಗಳನ್ನು ಕೊಡುತ್ತದೆ. ಕನ್ನಡದಲ್ಲಿ ಇವರನ್ನು 'ತಂತಿ ಕಳ್ಳರು' ಎನ್ನುತ್ತಿದ್ದರೆಂದೂ, ತಂತಿಯ ಅಥವಾ ನರದ ಕುಣಿಕೆ ಬಳಸುವುದರಿಂದ ಆ ಹೆಸರೆಂದೂ ಅದರಲ್ಲಿದೆ. ಅಂದಿನ ಕನ್ನಡಿಗರ ಬಾಯಲ್ಲಿದ್ದು ಒಬ್ಬ ಪರದೇಶಿಯ ಕಾಗದದಿಂದ ನಮಗೆ ಮರಳಿ ದೊರೆತ ಮಾತು ಅದು.

ಉತ್ತರದಲ್ಲಿ ಇವರಿಗೆ ಠಕ್ಕರೆಂದು ಹೆಸರು. ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ 'ರಾಮಸೀಯಾನಾ' ಅವರ 'ರಾಮಸಿ' ಎಂಬ ಗುಟ್ಟುನುಡಿಯ ಪದಕೋಶ. ಪ್ರಯಾಣಿಕರ ಸ್ನೇಹ ಬೆಳೆಸಿ ಜೊತೆಗೆ ಕರೆತರುವವನು 'ಸೋಥಾ', ಕೊರಳು ಬಿಗಿಯುವವನು 'ಭರ್ತೋತ್', ಗುಂಡಿ ತೋಡುವವನು 'ಲುಘಾ'. ತಂಡದ ಹೊರಗಿನವರೆಲ್ಲ 'ಬೀತೂ'. ಕೊ‌ಲ್ಲಲು ಆರಿಸಿದ ಪ್ರಯಾಣಿಕ 'ಬನಿಜ್', ಅಂದರೆ ಸರಕು. ತಂಬಾಕು ತನ್ನಿರೆಂಬಂಥ ದಿನನಿತ್ಯದ ಮಾತೇ ಕೊಲೆಯ ಸನ್ನೆ. ಆ ಸನ್ನೆಗೆ 'ಝಿರ್ನಿ' ಎಂದು ಹೆಸರು.

ಈ ಪದಗಳನ್ನು ಹೇಳಿದವರು ಮಾಫಿಸಾಕ್ಷಿಗಳಾದ ಕೈದಿಗಳು. ಹೆಚ್ಚು ಹೇಳಿದಷ್ಟೂ ನೇಣಿನಿಂದ ದೂರ. ಕೇಳಿಸಿಕೊಂಡ ಸ್ಲೀಮನ್ನನಿಗೂ ಒಂದು ಅಗತ್ಯವಿತ್ತು: ಠಕ್ಕರು ಅಲ್ಲಲ್ಲಿನ ಬಿಡಿ ದರೋಡೆಕೋರರಲ್ಲ, ಇಡೀ ದೇಶದಲ್ಲಿ ಹರಡಿದ, ತನ್ನದೇ ಭಾಷೆ, ಶಕುನ, ದೇವತೆಗಳಿರುವ ಒಂದೇ ಪಂಥ ಎಂದು ತೋರಿಸಬೇಕಿತ್ತು. ಭಾಷೆಯೇ ಅದಕ್ಕೆ ದೊಡ್ಡ ಪುರಾವೆಯಾಯಿತು. ಮಾರ್ಟಿನ್ ವಾನ್ ವೋರ್ಕೆನ್ಸ್, ಕಿಮ್ ವ್ಯಾಗ್ನರ್ ಮುಂತಾದ ಈಚಿನ ಇತಿಹಾಸಕಾರರು ಈ ಚಿತ್ರವನ್ನು ಮತ್ತೆ ಪರಿಶೀಲಿಸಿದ್ದಾರೆ. ಪದಕೋಶವನ್ನು ಪೂರ್ತಿ ಕಟ್ಟುಕಥೆಯೆಂದು ತಳ್ಳಿಹಾಕುವುದು ಸರಿಯಲ್ಲ. ಬೇರೆ ಬೇರೆ ಕೈದಿಗಳ ಹೇಳಿಕೆಗಳಲ್ಲಿ ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಪದಗಳು ಸಮಾನವಾಗಿರುವುದರಿಂದ ಪಂಥ ಒಂದೇ ಎಂದಾಗುವುದಿಲ್ಲ. ಒಂದೇ ದಾರಿಯಲ್ಲಿ ಓಡಾಡುವವರು, ಒಂದೇ ಜೈಲಿನಲ್ಲಿ ಕೂಡಿದವರು ಪದಗಳನ್ನು ಹಂಚಿಕೊಳ್ಳುತ್ತಾರೆ. 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಠಗ್' ಕಾದಂಬರಿಯ ಮೂಲಕ ಇವುಗಳಲ್ಲಿ ಕೆಲವನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಆಮೇಲೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು; ಇಂದಿನ ಯಾದಗಿರಿ ಜಿಲ್ಲೆಯ ಆ ಊರಿನಲ್ಲಿ ಅವನ ನೆನಪು ಇನ್ನೂ ಇದೆ.

ರಾಮಸಿಯ ಮಾದರಿ ಮುಂದೆ ಕೆಟ್ಟ ದಾರಿ ಹಿಡಿಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ನಂತರ ಪೊಲೀಸ್ ಕೈಪಿಡಿಗಳು ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ವರ್ಣಿಸಿ, ಅವರ ಮಾತಿನ ಪಟ್ಟಿಗಳನ್ನು ಕಳ್ಳಭಾಷೆಯೆಂದು ಮುದ್ರಿಸಿದವು. ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಚದುರಿರುವ ಕೊರವರ ನುಡಿ ಇದಕ್ಕೆ ಉದಾಹರಣೆ. ಅದೇ ಕಾಲದಲ್ಲಿ ಜಾರ್ಜ್ ಗ್ರಿಯರ್‌ಸನ್ನನ ಭಾಷಾ ಸಮೀಕ್ಷೆ ಕೊರವ ನುಡಿಯನ್ನು ದ್ರಾವಿಡ ಭಾಷೆಗಳ ನಾಲ್ಕನೆಯ ಸಂಪುಟದಲ್ಲಿ ತಮಿಳಿನ ಬಳಗದಲ್ಲಿ ಸೇರಿಸಿತ್ತು. ತಾಯಿ ಮಗುವಿಗೆ ಆಡುವ ಮನೆಮಾತನ್ನು ಹೊರಗಿನವನಿಗೆ ತಿಳಿಯದೆಂಬ ಒಂದೇ ಕಾರಣಕ್ಕೆ ಗುಟ್ಟುನುಡಿ ಎಂದು ಬರೆದ ಅನ್ಯಾಯ ಅದು. ಕಾಯ್ದೆ 1952ರಲ್ಲಿ ರದ್ದಾಯಿತು, ಪಟ್ಟಿಗಳು ಗ್ರಂಥಾಲಯಗಳಲ್ಲಿ ಹಾಗೆಯೇ ಇವೆ. ಅವುಗಳನ್ನು ಇಂದು ಬಳಸುವವರು ಮೊದಲು ಮನೆಮಾತನ್ನೂ ಗುಟ್ಟುನುಡಿಯನ್ನೂ ಬೇರ್ಪಡಿಸಬೇಕು. ಬೇಕೆಂದೇ ಮರೆಮಾಚಿದ ಮಾತಿಗೆ ಅದರದೇ ಗುರುತುಗಳಿರುತ್ತವೆ: ಅಕ್ಷರಗಳ ಹಿಂದುಮುಂದು, ಮೊದಲ ವ್ಯಂಜನದ ಬದಲಾವಣೆ, ನಡುವೆ ಸೇರಿಸಿದ ಧ್ವನಿ. ನಮ್ಮ ಮಕ್ಕಳು ಪ್ರತಿ ಅಕ್ಷರಕ್ಕೂ 'ಕ' ಸೇರಿಸಿ ಆಡುವ 'ಕ ಭಾಷೆ' ಇದೇ ತಂತ್ರದ್ದು. ಗ್ರಿಯರ್‌ಸನ್ 1922ರ ಹನ್ನೊಂದನೆಯ ಸಂಪುಟದಲ್ಲಿ ಅಲೆಮಾರಿ ಸಮುದಾಯಗಳ ನುಡಿಗಳಲ್ಲಿ ಇಂಥ ತಂತ್ರಗಳನ್ನು ದಾಖಲಿಸಿದ್ದಾನೆ.

ಕನ್ನಡದಲ್ಲಿ

ಹಳಗನ್ನಡ ಕಾವ್ಯದಲ್ಲಿ ಬೀದಿಮಾತು ವಿರಳ. ಅಲಂಕಾರಶಾಸ್ತ್ರ 'ಗ್ರಾಮ್ಯ'ವನ್ನು ಕಾವ್ಯದೋಷವೆಂದು ಎಣಿಸಿದ್ದರಿಂದ ಕವಿಗಳು ಅದನ್ನು ಸೋಸಿದರು. ಸೋಸದೆ ಬಿಟ್ಟವರೂ ಇದ್ದಾರೆ. 1112ರಲ್ಲಿ ಮುಳುಗುಂದದ ನಯಸೇನ ಬರೆದ 'ಧರ್ಮಾಮೃತ' ಗಾದೆ, ನಾಣ್ನುಡಿ, ಹಳ್ಳಿಯ ಹೋಲಿಕೆಗಳ ಕಣಜ. ಅದೇ ಶತಮಾನದ ವಚನಗಳಲ್ಲಿ ನೇಕಾರ, ಅಂಬಿಗ, ಮಡಿವಾಳ, ಮೇದಾರ ಕಾಯಕದವರ ಪದಗಳು ನೇರವಾಗಿ ಬರುತ್ತವೆ. ವಚನಗಳಲ್ಲೇ 'ಬೆಡಗು' ಎಂಬ ಬೇರೊಂದು ಜಾತಿಯಿದೆ. ಕಪ್ಪೆ, ಹಾವು, ಇರುವೆ ಎಂದು ಹೇಳುತ್ತ ಅನುಭಾವದ ಸಂಗತಿಗಳನ್ನು ಸೂಚಿಸುವ ರಚನೆಗಳವು. ಅವಕ್ಕೆ ನಂತರದ ಶತಮಾನಗಳ ಟೀಕೆಗಳು ಅರ್ಥ ಕೊಟ್ಟಿವೆ. ಟೀಕಾಕಾರ ಷಟ್‌ಸ್ಥಲ ಸಿದ್ಧಾಂತದ ಚೌಕಟ್ಟಿನಲ್ಲಿ ನಿಂತು ಅರ್ಥ ಹೇಳುತ್ತಾನೆ. ಡಿಜಾನಿನ ಅಭಿಯೋಜಕನನ್ನು ಹೇಗೋ ಇವನನ್ನೂ ಹಾಗೆಯೇ, ಅವನ ಉದ್ದೇಶವನ್ನು ಅರಿತು ಓದಬೇಕು. ಒಂದೇ ಬೆಡಗಿನ ವಚನಕ್ಕೆ ಎರಡು ಟೀಕೆಗಳು ಬೇರೆ ಅರ್ಥ ಹೇಳುವುದು ಇದರಿಂದಲೇ.

ಪದ ಅಳಿಯುವುದನ್ನು ಕಣ್ಣೆದುರಿಗೆ ಕಂಡು ದಾಖಲಿಸಿದವನು 13ನೆಯ ಶತಮಾನದ ಕೇಶಿರಾಜ. 'ಶಬ್ದಮಣಿದರ್ಪಣ'ದ ಕೊನೆಯಲ್ಲಿರುವ ಪ್ರಯೋಗಸಾರ ಹಳೆಯ ಪದಗಳನ್ನು ಅರ್ಥಸಹಿತ ಕೊಡುತ್ತದೆ. ೞಕಾರ ಆ ಹೊತ್ತಿಗೆ ಳಕಾರದಲ್ಲಿ ಬೆರೆಯತೊಡಗಿದ್ದರಿಂದ, ಯಾವ ಪದದಲ್ಲಿ ಯಾವುದೆಂದು ಅವನು ಬಿಡಿಸಿ ಹೇಳಬೇಕಾಯಿತು. ಇದು ಬರಿಯ ಕಾಗುಣಿತದ ವಿಷಯವಲ್ಲ. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ನಂತರದ ಲಿಪಿಕಾರರ ಪ್ರತಿಗಳಲ್ಲಿ ಎರಡೂ ಬಾಳು. ವೀರನೊಬ್ಬನ ಬಾಳಿನ ಮಾತು ಬಂದಾಗ ಕತ್ತಿಯೋ ಬದುಕೋ ಎಂಬುದನ್ನು ಹಳೆಯ ಪ್ರತಿ ಅಥವಾ ಶಾಸನವೇ ಹೇಳಬೇಕು. ೞಕಾರವನ್ನು ಉಳಿಸಿಕೊಂಡಿರುವ ತಮಿಳು ಇಲ್ಲಿ ದೊಡ್ಡ ನೆರವು. ಬರೊ ಮತ್ತು ಎಮೆನೊ 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ಇಂಥ ಹೋಲಿಕೆಗಳನ್ನು ಒಂದೆಡೆ ಇಟ್ಟಿತು.

ಫರ್ಡಿನಂಡ್ ಕಿಟ್ಟೆಲರ 1894ರ ನಿಘಂಟು ಕಾವ್ಯಪ್ರಯೋಗಗಳ ಜೊತೆಗೆ ಗಾದೆಗಳನ್ನೂ ಆಡುಮಾತನ್ನೂ ಆಧಾರವಾಗಿ ಕೊಟ್ಟು, ಕೆಲವು ಪದಗಳು ಮೈಸೂರಿನವೋ ದಕ್ಷಿಣ ಮರಾಠಾ ಸೀಮೆಯವೋ ಎಂದು ಗುರುತಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣಗೊಂಡಾಗ, ಶಾಸನಗಳಿಂದ ಹೊಸಗನ್ನಡದವರೆಗಿನ ಪ್ರಯೋಗಗಳು ಕಾಲಾನುಕ್ರಮದಲ್ಲಿ ಒಟ್ಟಿಗೆ ಸಿಕ್ಕವು, ಜಿ. ವೆಂಕಟಸುಬ್ಬಯ್ಯನವರ ದಶಕಗಳ ದುಡಿಮೆ ಅದರ ಹಿಂದಿದೆ. ಆದರೆ ಅದರ ಆಕರ ಮುಖ್ಯವಾಗಿ ಗ್ರಂಥ ಮತ್ತು ಶಾಸನ. ಪೇಟೆ, ಜೈಲು, ಹೋಟೆಲು, ರಂಗಮಂದಿರಗಳ ಕನ್ನಡಕ್ಕೆ ಜೊನಾಥನ್ ಗ್ರೀನ್ 2010ರಲ್ಲಿ ಇಂಗ್ಲಿಷಿಗಾಗಿ ಮಾಡಿದ ಕೆಲಸದ ಹಾಗೆ ಪ್ರತಿ ಅರ್ಥಕ್ಕೂ ಇಸವಿ ಸಹಿತ ಉಲ್ಲೇಖ ಕೊಡುವ ಕೋಶ ಬೇಕು. 1674ರಿಂದ 1913ರವರೆಗಿನ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ವರದಿಗಳು ಗಣಕಕ್ಕೆ ಏರಿದ್ದರಿಂದ ಆ ಭಾಷೆಯ ಎಷ್ಟೋ ಪದಗಳಿಗೆ ಹಳೆಯ ಇಸವಿ ಸಿಕ್ಕಿದೆ. ನಮ್ಮ ಜಿಲ್ಲಾ ನ್ಯಾಯಾಲಯಗಳ ಕನ್ನಡ ಹೇಳಿಕೆಗಳು ಅಂಥ ಕೆಲಸಕ್ಕೆ ಒದಗಬಲ್ಲ ಆಕರ.

20ನೆಯ ಶತಮಾನದ ಕೃತಿಗಳೂ ಈಗಾಗಲೇ ಹಳೆಯವಾಗುತ್ತಿವೆ. ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಓದುವಾಗ ಹಕಾರ ಬಿಟ್ಟುಹೋದ ಉಚ್ಚಾರಣೆ ಒಂದು ಸಂಗತಿ, ಹೆಂಡದಂಗಡಿಯ ಪದಗಳು ಇನ್ನೊಂದು. ಮೊದಲನೆಯದು ಹಳೆಯ ಮೈಸೂರಿನ ಊರೂರಿನ ಮಾತು, ಎರಡನೆಯದಷ್ಟೇ ಬೀದಿಮಾತು. ಟಿ.ಪಿ. ಕೈಲಾಸಂ ಅವರ ನಾಟಕಗಳಲ್ಲಿ ವಕೀಲರ ಮನೆ, ಕಾಲೇಜು, ಕಚೇರಿಗಳಲ್ಲಿ ಇಂಗ್ಲಿಷ್ ಬೆರೆತು ಹುಟ್ಟಿದ ಕನ್ನಡವಿದೆ. ಆ ಇಂಗ್ಲಿಷ್ ಪದಗಳಿಗೆ ಇಂದಿನ ನಿಘಂಟಿನ ಅರ್ಥ ಹಚ್ಚಿದರೆ ನಗು ತಪ್ಪಿಹೋಗುತ್ತದೆ. ಆ ದಿನದ ಬೆಂಗಳೂರಿನ ಕೋಟೆ, ಪೇಟೆ, ಬಸವನಗುಡಿಗಳಲ್ಲಿ ಅವಕ್ಕಿದ್ದ ಅರ್ಥ ಬೇಕು. ಕೈಲಾಸಂ ಹೆಚ್ಚಿನ ನಾಟಕಗಳನ್ನು ಕೂತು ಬರೆದವರಲ್ಲ, ಬಾಯಲ್ಲಿ ಆಡಿ ತೋರಿಸಿದವರು, ಕೇಳಿದವರು ಬರೆದುಕೊಂಡರು. ಹೀಗಾಗಿ ಅಲ್ಲಿನ ಒಂದು ವಿಚಿತ್ರ ಕಾಗುಣಿತ ಅಚ್ಚಿನ ದೋಷವೋ, ಬರೆದುಕೊಂಡವನ ಕಿವಿಯೋ, ಕೈಲಾಸಂ ನಾಲಗೆಯೋ ಎಂದು ಮುದ್ರಣಗಳನ್ನು ಒಂದರ ಪಕ್ಕ ಒಂದಿಟ್ಟು ತೀರ್ಮಾನಿಸಿದ ಮೇಲೆಯೇ ಅರ್ಥದ ಮಾತು ಎತ್ತಬೇಕು.